ಸ್ಪ್ರಿಂಗ್ ತಕ್ಕಡಿಯ ಐದು ತಪ್ಪುಗಳು

ಪ್ರೌಢಶಾಲೆಯ ಭೌತಶಾಸ್ತ್ರ ಪರೀಕ್ಷೆಯಲ್ಲಿ ಐದು ಕಲ್ಲುಗಳನ್ನು ತೂಗಿದ ಸ್ಪ್ರಿಂಗ್ ತಕ್ಕಡಿಯ ಐದೂ ಉತ್ತರಗಳು ತಪ್ಪಾಗಿದ್ದವು. "ಮರುಪರೀಕ್ಷೆಯಲ್ಲೂ ಹೀಗಾದರೆ ನನಗೆ ಗುಜರಿಯೇ ಗತಿ," ಎಂದು ಅದು ಗೋಳಾಡಿತು.

"ಅಳೋದು ಆಮೇಲೆ. ಒಂದೊಂದು ಕಲ್ಲಿಗೂ ಎಷ್ಟೆಷ್ಟು ತಪ್ಪು ಹೇಳಿದ್ದೀಯ?" ಎಂದು ಪಕ್ಕದ ಹಳೆಯ ಥರ್ಮಾಮೀಟರ್ ಕೇಳಿತು.

ತಕ್ಕಡಿ ಉತ್ತರಪತ್ರಿಕೆ ನೋಡಿತು. "ಮೊದಲನೆಯದಕ್ಕೆ ಹತ್ತು ಗ್ರಾಂ ಹೆಚ್ಚು. ಎರಡನೆಯದಕ್ಕೂ ಹತ್ತು. ಅರೆ, ಎಲ್ಲದಕ್ಕೂ ಹತ್ತೇ."

"ಈಗ ನಿನ್ನ ಕೊಕ್ಕೆ ಖಾಲಿ ಇದೆ. ಮುಳ್ಳು ಎಲ್ಲಿದೆ?"

ತಕ್ಕಡಿ ಬಗ್ಗಿ ನೋಡಿಕೊಂಡಿತು. "ಹತ್ತರಲ್ಲಿ."

"ಹಾಗಾದರೆ ನೀನು ಮಾಡಿದ್ದು ಐದು ತಪ್ಪಲ್ಲ ಮಾರಾಯ, ಒಂದೇ."

ತಕ್ಕಡಿ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ನಿರಾಳವಾಗಿ ನೇತಾಡಿತು. ಮರುಪರೀಕ್ಷೆಯಲ್ಲಿ ಮೊದಲ ಕಲ್ಲು ಕೊಕ್ಕೆಗೆ ಬರುವ ಮುನ್ನ, "ಒಂದು ನಿಮಿಷ ಸಾರ್," ಎಂದು ತನ್ನ ಮುಳ್ಳನ್ನೊಮ್ಮೆ ನೋಡಿಕೊಂಡಿತು.