ಮಡಕೆ ಬುಟ್ಟಿಗೆ ಒಂದು ಕೈ

"ಗುರುಗಳೇ, ನಾವಾಗಿಯೇ ಸಹಾಯ ಮಾಡಲು ಹೋದರೂ ಜನ ಯಾಕೆ ಬೇಡ ಎನ್ನುತ್ತಾರೆ?"

ಸಂಕಣ್ಣ ಹೀಗೆ ಕೇಳಿದ್ದು ಸಂತೆಯ ದಿನ, ಪೇಟೆಯಿಂದ ಮಠಕ್ಕೆ ಹಿಂದಿರುಗಿದ ಕೂಡಲೇ. ಇನ್ನೂ ಕಾಲು ಕೂಡ ತೊಳೆದಿರಲಿಲ್ಲ. ಗುರುಗಳ ಅಪ್ಪಣೆಯಂತೆ ಅವನು ಮೂರು ತಿಂಗಳಿಂದ ಪ್ರತಿ ಸಂತೆಗೂ ಪೇಟೆ ಬೀದಿಗೆ ಹೋಗಿ, ದಣಿದವರು, ದಾರಿ ತಪ್ಪಿದವರು ಯಾರಾದರೂ ಸಿಕ್ಕಾರೆಂದು ಕಾಯುತ್ತಿದ್ದ. ನಡುವೆ ಒಂದು ವಾರ ಜ್ವರದಿಂದ ಮಲಗಿದ್ದು ಬಿಟ್ಟರೆ ಒಂದು ಸಂತೆಯನ್ನೂ ತಪ್ಪಿಸಿರಲಿಲ್ಲ. ಇಷ್ಟು ದಿನದಲ್ಲಿ ಅವನ ಸಹಾಯ ಪಡೆದದ್ದು ಒಂದು ಆಡು ಮಾತ್ರ. ಅದರ ಕೊಂಬು ಬೇಲಿಗೆ ಸಿಕ್ಕಿಕೊಂಡಿತ್ತು.

"ಇವತ್ತು ಒಬ್ಬ ಅಜ್ಜಿಯ ಚೀಲ ಹೊತ್ತುಕೊಡೋಣವೆಂದು ಕೈ ಹಾಕಿದೆ. ಕಳ್ಳ ಎಂದು ಕೂಗಿಬಿಟ್ಟಳು. ಈ ಜನಕ್ಕೆ ಯಾರ ನೆರವೂ ಬೇಡ, ಗುರುಗಳೇ. ನನ್ನನ್ನು ಈ ಕೆಲಸದಿಂದ ಬಿಡಿಸಿಬಿಡಿ" ಎಂದ.

ಗುರುಗಳಿಗೆ ನಗು ಬಂತು, ಆದರೆ ಕನಿಕರವೂ ಆಯಿತು. "ಆಡಾದರೂ ಒಪ್ಪಿತಲ್ಲ. ಕೂತುಕೋ" ಎಂದು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಒಮ್ಮೆ ಅವನು ಗುರುತಿಲ್ಲದ ಊರಿನ ಬೀದಿಯಲ್ಲಿ ತಲೆ ಸುತ್ತಿ ಬಿದ್ದ. ಯಾರೋ ಅವನನ್ನು ನೆರಳಿಗೆ ಎಳೆದು, ನೀರು ಕುಡಿಸಿ, ಎದ್ದು ಕೂರುವವರೆಗೆ ಗಾಳಿ ಬೀಸಿ, ಹೆಸರೂ ಹೇಳದೆ ಹೊರಟುಹೋದರು. ವ್ಯಾಪಾರಿ ಅದನ್ನು ಮರೆಯಲಿಲ್ಲ. ಊರಿಗೆ ಬಂದವನೇ, ಇನ್ನು ಮುಂದೆ ಸಂತೆಯ ದಿನ ಅಂಗಡಿಯನ್ನು ತಮ್ಮನಿಗೆ ಬಿಟ್ಟು ತಾನು ಪೇಟೆ ಬೀದಿಯಲ್ಲಿ ನಿಂತು ಪರಸ್ಥಳದವರಿಗೆ ನೆರವಾಗುತ್ತೇನೆಂದು ಹರಕೆ ಹೊತ್ತ.

ಮನುಷ್ಯ ಒಳ್ಳೆಯವನೇ. ಆದರೆ ಮೂವತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಕೂತ ನಾಲಿಗೆ ಒಂದೇ ದಿನದಲ್ಲಿ ಬದಲಾಗುತ್ತದೆಯೇ? ಬೀದಿಯಲ್ಲಿ ನಿಂತು ಅವನು ಕೇಳುತ್ತಿದ್ದದ್ದು, "ಬನ್ನಿ ತಾಯಿ, ಏನು ಬೇಕು? ಬನ್ನಿ ಯಜಮಾನ್ರೆ, ಏನು ಬೇಕು?" ಪೇಟೆಗೆ ಬಂದವರಿಗೆ ಆ ಮಾತು ಹೆಜ್ಜೆಹೆಜ್ಜೆಗೂ ಕೇಳಿಸುತ್ತದೆ. ಅದಕ್ಕೆ ಉತ್ತರವೂ ಎಲ್ಲರ ಬಾಯಲ್ಲಿ ಸಿದ್ಧವಾಗಿರುತ್ತದೆ. "ಏನೂ ಬೇಡ" ಎಂದು ಹೇಳಿ ಅವರು ದಾಟಿ ಹೋಗುತ್ತಿದ್ದರು. ಅಂಗಡಿಯ ಇನ್ನೊಂದು ಅಭ್ಯಾಸವೂ ಅವನನ್ನು ಬಿಟ್ಟಿರಲಿಲ್ಲ. ಬೇಡ ಎಂದವರ ಮುಖವನ್ನು ಅವನು ಮತ್ತೆ ನೋಡುತ್ತಿರಲಿಲ್ಲ. ಕಣ್ಣು ಆಗಲೇ ಮುಂದೆ ಬರುವವರ ಮೇಲಿರುತ್ತಿತ್ತು.

ಒಂದು ಸಂತೆಯ ದಿನ, ಕರಿಕಂಬಳಿ ಹೊದ್ದ ಒಬ್ಬ ಮುದುಕ ಕೋಲೂರಿಕೊಂಡು, ಗೋಡೆ ಸವರಿಕೊಂಡು ಬಂದ.

"ಏನು ಬೇಕು ಯಜಮಾನ್ರೆ?"

"ಏನೂ ಬೇಡ ಸ್ವಾಮಿ" ಎಂದು ಮುದುಕ ಎಡಗಡೆಯ ಓಣಿಗೆ ತಿರುಗಿದ. ಆ ಓಣಿ ಕೆರೆಯ ಮೆಟ್ಟಿಲಲ್ಲಿ ಕೊನೆಯಾಗುತ್ತಿತ್ತು. ಮುಖ ನೋಡಿದ್ದರೆ ವ್ಯಾಪಾರಿಗೆ ತಿಳಿಯುತ್ತಿತ್ತು, ಆ ಕಣ್ಣುಗಳಿಗೆ ಪೊರೆ ಬಂದಿತ್ತು. ಅವನು ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು. ಬೀದಿಯ ಈ ತುದಿಯಿಂದ ಆ ತುದಿಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಮೂರು ಸಲವೂ ವ್ಯಾಪಾರಿ, "ಏನು ಬೇಕು ತಾಯಿ?" ಎಂದ. ಮೂರು ಸಲವೂ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, "ಏನೂ ಬೇಡ" ಎಂದಳು. ಅವಳು ಆ ಮುದುಕನ ಮಗಳು. ಅಪ್ಪನನ್ನು ಕಣ್ಣಿನ ಪಂಡಿತರಿಗೆ ತೋರಿಸಲು ಕರೆತಂದಿದ್ದಳು. ದನಗಳ ಹಿಂಡು ಅಡ್ಡ ಬಂದಾಗ ಹಿಡಿದ ಕೈ ಜಾರಿತ್ತು. ಪೇಟೆಯಲ್ಲಿ ಯಾರು ಮಾತಾಡಿಸಿದರೂ ಏನೂ ಬೇಡ ಎಂದು ಹೇಳು, ನಿಲ್ಲಬೇಡ, ಎಂದು ಬೆಳಗ್ಗೆ ಮನೆ ಬಿಡುವಾಗ ಹೇಳಿಕೊಟ್ಟವನು ಆ ಅಪ್ಪನೇ.

ಅದೇ ಬೀದಿಯಲ್ಲಿ ಒಬ್ಬಳು ಮಡಕೆ ಮಾರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಮಡಕೆ ತುಂಬಿದ ದೊಡ್ಡ ಬುಟ್ಟಿ. ಅದನ್ನು ಇಳಿಸುವುದಕ್ಕೂ ಎತ್ತುವುದಕ್ಕೂ ಇನ್ನೊಬ್ಬರ ಕೈ ಬೇಕು. ಹಾಗಾಗಿ ದಿನಕ್ಕೆ ಹತ್ತಾರು ಸಲ, ದಾರಿಯಲ್ಲಿ ಹೋಗುವ ಯಾರನ್ನಾದರೂ ಅವಳು ಕೂಗುತ್ತಿದ್ದಳು. ಈಗ ಈ ಹುಡುಗಿಯನ್ನು ಕೂಗಿದಳು.

"ಅವ್ವಾ, ಈ ಬುಟ್ಟಿಗೆ ಒಂದು ಕೈ ಹಾಕು ತಾಯಿ. ಒಬ್ಬಳೇ ಎತ್ತಿದ್ರೆ ಮಡಕೆ ಉಳಿಯಾಕಿಲ್ಲ."

ಇದಕ್ಕೆ ಏನು ಹೇಳಬೇಕೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ. ಹುಡುಗಿ ಗಂಟು ಕೆಳಗಿಟ್ಟಳು. ಇಬ್ಬರೂ ಬಗ್ಗಿ ಬುಟ್ಟಿಯ ಅಂಚು ಹಿಡಿದರು. ಎರಡೂ ಕೈ ಬುಟ್ಟಿಗೆ ಹೋದ ಮೇಲೆ ಸೆರಗು ಹಿಡಿಯುವವರು ಯಾರು? ಅದು ಮುಖದಿಂದ ಜಾರಿತು.

"ಯಾಕವ್ವಾ ಅಳ್ತಿದ್ದೀಯ?"

"ನಮ್ಮಪ್ಪ ಕೈ ತಪ್ಪೋದ ಅಕ್ಕಾ. ಅವನಿಗೆ ಕಣ್ಣು ಕಾಣಾಕಿಲ್ಲ. ಕರಿಕಂಬಳಿ ಹೊದ್ದವ್ನೆ" ಎಂದು ಹುಡುಗಿ ಬಿಕ್ಕಿದಳು.

ನಾಲ್ಕು ಮಾರು ದೂರದಲ್ಲಿದ್ದ ವ್ಯಾಪಾರಿಗೆ ಈ ಮಾತು ಕೇಳಿಸಿತು. ಕರಿಕಂಬಳಿಯೊಂದು ಎಡಗಡೆಯ ಓಣಿಗೆ ತಿರುಗಿದ್ದು ನೆನಪಾಯಿತು. ತಲೆಯ ರುಮಾಲು ಬಿದ್ದುಹೋದರೂ ತಿರುಗಿ ನೋಡದೆ ಓಣಿಯಲ್ಲಿ ಓಡಿದ. ಹುಡುಗಿಯೂ ಮಡಕೆಯವಳೂ ಹಿಂದೆ ಓಡಿದರು.

ಮುದುಕ ಕೆರೆಯ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ. ಒಂದು ಕಾಲು ಆಗಲೇ ನೀರಿನಲ್ಲಿತ್ತು. ಮುಂದಿನ ನೆಲಕ್ಕಾಗಿ ಕೋಲು ತಡಕಾಡುತ್ತಿತ್ತು, ನೆಲ ಸಿಗುತ್ತಿರಲಿಲ್ಲ. ವ್ಯಾಪಾರಿ ಅವನ ರಟ್ಟೆ ಹಿಡಿದ. ಆಗಲೂ ಮುದುಕ ಕೈ ಕೊಸರಿಕೊಳ್ಳುತ್ತಾ, "ಏನೂ ಬೇಡ ಸ್ವಾಮಿ, ನಾನೇ ಹೋಯ್ತೀನಿ" ಎಂದ. ಹಿಂದಿನಿಂದ ಮಗಳು "ಅಪ್ಪಾ" ಎಂದು ಕೂಗಿದಾಗ ಮಾತ್ರ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತುಬಿಟ್ಟ.

ವ್ಯಾಪಾರಿ ಅಪ್ಪ ಮಗಳನ್ನು ಪಂಡಿತರ ಮನೆ ಮುಟ್ಟಿಸಿ ಬಂದ. ಬೀದಿಯಲ್ಲಿ ಬುಟ್ಟಿ ಇಟ್ಟಲ್ಲೇ ಇತ್ತು. ಪಕ್ಕದಲ್ಲಿ ಮಡಕೆಯವಳು ಅವನ ರುಮಾಲು ಹಿಡಿದು ನಿಂತಿದ್ದಳು.

"ನಾಲ್ಕು ತಿಂಗಳಿಂದ ಇಲ್ಲಿ ನಿಂತಿದ್ದೇನೆ. ಒಬ್ಬರೂ ನನ್ನ ಹತ್ತಿರ ಕಷ್ಟ ಹೇಳಿಕೊಂಡಿಲ್ಲ. ಆ ಮಗುವಿಗೆ ನೀನೇನು ಹೇಳಿದೆ?" ಎಂದು ವ್ಯಾಪಾರಿ ಕೇಳಿದ.

"ಮೊದ್ಲು ಒಂದು ಕೈ ಹಾಕಿ ಸಾವ್ಕಾರ್ರೆ" ಎಂದಳು.

ಅವನು ಬಗ್ಗಿದ. ಬುಟ್ಟಿ ಮೇಲೇರಿತು. ಅವಳ ಹಣೆಯ ಬೆವರು, ತುಟಿಯ ಬಿರುಕು ಅವನಿಗೆ ಕಂಡವು. ಇಷ್ಟು ಹತ್ತಿರದಿಂದ ಅವನು ಆ ಬೀದಿಯಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ.

"ನಾನೇನೂ ಹೇಳ್ಲಿಲ್ಲ ಸಾವ್ಕಾರ್ರೆ, ನಂಗೆ ಬೇಕಾದ್ದು ಕೇಳ್ದೆ" ಎಂದು ಹೇಳಿ ಅವಳು ಹೊರಟುಹೋದಳು.

ಮುಂದಿನ ಸಂತೆಗೆ ವ್ಯಾಪಾರಿ ತನ್ನ ಬೆಳ್ಳಿಯ ಸುಣ್ಣದ ಡಬ್ಬಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದ. ಎಲೆ ಅಡಿಕೆ ಕೈಯಲ್ಲಿತ್ತು, ಸುಣ್ಣವಿರಲಿಲ್ಲ. ಯಾರನ್ನಾದರೂ ಕೇಳಬೇಕು. ಒಂದು ಉಗುರಿನಷ್ಟು ಸುಣ್ಣ! ಎಷ್ಟೋ ಜನ ಎದುರಿಗೆ ಹೋದರು, ಅವನಿಗೆ ಬಾಯೇ ಬರಲಿಲ್ಲ. ಊರೆಲ್ಲ ಸಾಹುಕಾರ ಎನ್ನುವಾಗ ಸುಣ್ಣಕ್ಕೆ ಕೈ ಚಾಚುವುದು ಹೇಗೆ? ನಾಚಿಕೆಯಿಂದ ಬೆವತುಹೋದ. ಮಧ್ಯಾಹ್ನದ ಹೊತ್ತಿಗೆ, ಮೂಟೆ ಇಳಿಸಿ ನಿಂತಿದ್ದ ಒಬ್ಬ ಕೂಲಿಯವನನ್ನು ಕೊನೆಗೂ ಕೇಳಿದ. "ಅಪ್ಪಾ, ಚೂರು ಸುಣ್ಣ ಇದೆಯೇನಪ್ಪಾ?"

ಕೂಲಿಯವನು ಖುಷಿಯಿಂದ ಸುಣ್ಣ ಕೊಟ್ಟ, ತಾನೂ ಒಂದು ಎಲೆ ಇಸಿದುಕೊಂಡು ಪಕ್ಕದಲ್ಲಿ ಕೂತ. ಬಾಯಿಯ ಎಲೆ ಮುಗಿಯುವುದರೊಳಗೆ, ಮನೆಯಲ್ಲಿ ಬಾಣಂತಿ ಮಗಳು ಚಳಿಗೆ ನಡುಗುತ್ತಿದ್ದಾಳೆ, ಹೊದಿಸಲು ಒಂದು ನೆಟ್ಟಗಿನ ಹೊದಿಕೆಯಿಲ್ಲ ಎಂದು ಹೇಳಿಕೊಂಡ. ಜವಳಿ ವ್ಯಾಪಾರಿ ಎದ್ದು ತನ್ನ ಅಂಗಡಿಯ ಕಡೆ ನಡೆದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಸಂಕಣ್ಣ, "ಅಷ್ಟು ಚೂರು ಸುಣ್ಣಕ್ಕೆ ಮಧ್ಯಾಹ್ನದವರೆಗೆ ಒದ್ದಾಡಿದನೇ? ಕೇಳುವುದು ಅಷ್ಟು ಕಷ್ಟವೇ, ಗುರುಗಳೇ?" ಎಂದ.

"ಹೋದ ತಿಂಗಳು ನೀನು ಜ್ವರದಲ್ಲಿ ಮಲಗಿದ್ದಾಗ ನಾನು ಮೂರು ಸಲ ನಿನ್ನ ಬಾಗಿಲಿಗೆ ಬಂದು ಏನು ಬೇಕು ಎಂದು ಕೇಳಿದೆನಲ್ಲ, ಆಗ ನೀನು ಏನೆಂದೆ?" ಎಂದರು ಗುರುಗಳು.

"ಏನೂ ಬೇಡ ಎಂದೆ, ಗುರುಗಳೇ" ಎಂದ ಸಂಕಣ್ಣ.