ಮಡಿವಾಳ ಮಾಚ ಬರೆದ ಗುರುತು

"ಕೇಳಿರಯ್ಯಾ, ಹೊಂಬಾಳೆಪುರದ ಜನರೇ! ನಮ್ಮ ನೇಕಾರರ ಹೆಸರು ಹೇಳಿ ಕಂಡಕಂಡವರು ಕಳಪೆ ಬಟ್ಟೆ ಮಾರುತ್ತಿದ್ದಾರೆ. ಹಡಗಿನ ವರ್ತಕರು ನಮ್ಮ ಬಟ್ಟೆಯ ಥಾನುಗಳನ್ನು ಮುಟ್ಟುತ್ತಿಲ್ಲ. ಇನ್ನು ನಮ್ಮ ಬಟ್ಟೆಗೆ ಒಂದು ಗುರುತು ಬೇಕು. ಅದನ್ನು ಬರೆಯಬಯಸುವವರು ಮೊದಲು ಅರಸುಮಗಳು ಪದುಮಲೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದು ಸಿಗುವುದು. ತಪ್ಪಿದವರ ತಲೆ ಹುಣ್ಣಿಮೆಯ ಬೆಳಗ್ಗೆ ಉರುಳುವುದು!"

ಊರಿನ ಅರಸ ಮಲ್ಲರಸ ಹೀಗೆ ಡಂಗುರ ಹೊಡೆಸಿದ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯಬಾರದೆಂದು ಒಗಟುಗಳನ್ನು ಮುಚ್ಚಿದ ಬಾಗಿಲೊಳಗೇ ಕೇಳುತ್ತಿದ್ದರು.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ ಗಂಡರಸ. ಪದುಮಲೆ ಕೇಳಿದಳು: "ಸಾವಿರ ಗೆರೆ ಹೊತ್ತು ಬಂದರೆ ಹೊಸಿಲಲ್ಲೇ ನಿಲ್ಲಬೇಕು. ಮೂರೇ ಗೆರೆ ಹೊತ್ತು ಬಂದರೆ ಒಳಗೆ ಬಂದು ನೆಲೆಸಬಹುದು. ಅಂಥ ಮನೆ ಯಾವುದು?"

"ಅರಮನೆ," ಎಂದ ಗಂಡರಸ. ಕಾವಲಿನವರು ಅವನ ತೋಳು ಹಿಡಿದರು.

ಆಮೇಲೆ ಬಂದವನು ಊರಿನ ಮುದಿ ಚಿತ್ರಗಾರ ನಿಂಗೋಜ. ಮೊದಲನೆಯದನ್ನು ಬಿಡಿಸಿದ. ಎರಡನೆಯದಕ್ಕೆ ಎಡವಿದ. "ಯಾರೂ ಬರೆದದ್ದಲ್ಲ, ಆದರೂ ಚಿತ್ರದೊಳಗೇ ಇದೆ. ಅದನ್ನು ತುಂಬಿದರೆ ಚಿತ್ರವೇ ಅಳಿಯುತ್ತದೆ," ಎಂದಿದ್ದಳು ಪದುಮಲೆ.

"ಬೆಳಕು, ತಾಯಿ."

ಪದುಮಲೆಯ ಕಣ್ಣು ತುಂಬಿತು. "ಬೆಳಕು ಚಿತ್ರದ ಹೊರಗಿರುತ್ತದೆ, ಅಜ್ಜ," ಎಂದಳು ಮೆಲ್ಲಗೆ.

ಮರುದಿನ ಹೊಳೆಯ ದಂಡೆಯಲ್ಲಿ ಮಡಿವಾಳರ ಮಾಚ ಬಟ್ಟೆ ಒಗೆಯುತ್ತಿದ್ದ. ನಿಂಗೋಜನ ಹೆಂಡತಿ ಸಾತವ್ವ ಒಂದು ಧೋತ್ರ ತಂದು ಅವನ ಕಲ್ಲಿನ ಮೇಲಿಟ್ಟಳು. ಅದರ ತುಂಬ ಬಣ್ಣದ ಕಲೆ.

"ಬೆಳ್ಳಗೆ ಮಾಡಿಕೊಡು, ಮಗಾ. ಹುಣ್ಣಿಮೆಯ ದಿನ ಅವರು ಮಡಿ ಉಟ್ಟು ಹೋಗಲಿ."

ಮಾಚ ಆ ಧೋತ್ರವನ್ನು ಮೂರು ಸಲ ಒಗೆದ. ಕಲೆ ಹೋಗಲಿಲ್ಲ. ಒದ್ದೆ ಬಟ್ಟೆಯನ್ನು ಅಲ್ಲೇ ಹರವಿ, ಕೈ ಒರೆಸಿಕೊಂಡು ನೇರ ಅರಮನೆಗೆ ಹೋದ.

ಮಲ್ಲರಸ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ನಿನಗೆ ಚಿತ್ರ ಬರೆಯಲು ಬರುತ್ತದೆಯೇ?"

"ಇಲ್ಲ ಬುದ್ಧಿ. ಬಟ್ಟೆಗೆ ಗುರುತು ಹಾಕೋಕೆ ಬರುತ್ತೆ."

ಪದುಮಲೆ ಮೊದಲ ಒಗಟು ಹೇಳಿದಳು. ಮಾಚ ತುಸು ನಕ್ಕ.

"ಆ ಮನೆ ನೆನಪು, ತಾಯಿ. ನಮ್ಮವ್ವನಿಗೆ ಓದು ಬಾರದು. ಆದರೂ ಇಡೀ ಊರಿನ ಬಟ್ಟೆ ಯಾರ್‍ಯಾರದು ಅಂತ ಹೇಳ್ತಾಳೆ. ಅಂಚಿನಲ್ಲಿ ಎರಡು ಗೆರೆ ಒಂದು ಚುಕ್ಕೆ ಇದ್ದರೆ ಸಾಕು. ಒಂದು ಸಲ ನಾನು ಚೆಂದ ಕಾಣಲಿ ಅಂತ ಒಬ್ಬರ ಪಂಚೆಗೆ ನವಿಲು ಬರೆದೆ. ಅವ್ವ ಅದನ್ನು ಕೋಳಿ ಅಂದುಕೊಂಡು ಪಕ್ಕದ ಮನೆಗೆ ಕೊಟ್ಟುಬಂದಳು!"

ಎರಡನೆಯದಕ್ಕೂ ಅವನು ತಡಮಾಡಲಿಲ್ಲ. "ಬರೆಯದೆ ಬಿಟ್ಟ ಜಾಗ. ಗುರುತು ಹಾಕುವಾಗ ಕರಿಗೇರಿನ ರಸ ಹೆಚ್ಚಾದರೆ ಗೆರೆಗೆ ಗೆರೆ ಕೂಡಿ ಬರೀ ಕಲೆಯಾಗುತ್ತೆ. ನಡುವೆ ಬಿಳಿ ಉಳಿದರೇ ಗುರುತು."

ಪದುಮಲೆ ಮುಂದಕ್ಕೆ ಬಾಗಿದಳು. ಮೂರನೆಯ ಒಗಟಿನವರೆಗೆ ಯಾರೂ ಬಂದಿರಲಿಲ್ಲ. "ಒಗಟು ನನ್ನದು, ತಲೆಯ ಮಾತು ಅಪ್ಪನದು. ಯೋಚಿಸಿ ಹೇಳು. ನೇಯುವವನು ಅದನ್ನು ನೇಯಲಾರ, ಬರೆಯುವವನು ಬರೆಯಲಾರ, ಅರಸ ಅಪ್ಪಣೆ ಮಾಡಿ ತರಿಸಲಾರ. ಅದಿಲ್ಲದೆ ಗುರುತು ಬರೀ ಮಸಿ. ಏನದು?"

ಹೊಳಪು ಎನ್ನಲೇ, ಹೆಸರು ಎನ್ನಲೇ ಎಂದು ಮಾಚ ತಡಕಾಡಿದ. ಆಗ ಸಾತವ್ವನ ನೆನಪಾಯಿತು. ತನ್ನ ಮದುವೆಯ ಪಟ್ಟೆಸೀರೆಯನ್ನೂ ಅವಳು ಒಂದು ಮಾತು ಕೇಳದೆ ಅವನ ಕೈಗಿಟ್ಟು ಹೋಗುತ್ತಿದ್ದಳು.

"ನಂಬಿಕೆ, ತಾಯಿ," ಎಂದ. "ಅದನ್ನು ಕೊಳ್ಳುವವರೇ ಕೊಡಬೇಕು. ಒಂದು ಸಲ ಮೋಸ ಮಾಡಿದರೆ ತಿರುಗಿ ಬರಲ್ಲ."

ಪದುಮಲೆ ಉಸಿರುಬಿಟ್ಟಳು. "ಮೂರೂ ಸರಿ. ಏನು ಬೇಕು, ಕೇಳು."

"ಸೆರೆಯಲ್ಲಿರುವ ಇಬ್ಬರ ಜೀವ."

ಮಲ್ಲರಸ ತಲೆ ತಗ್ಗಿಸಿ ಒಪ್ಪಿದ. ಆ ಮಧ್ಯಾಹ್ನವೇ ಸೆರೆಮನೆಯ ಬಾಗಿಲು ತೆರೆಯಿತು. ಕಲೆಯ ಧೋತ್ರ ಹಿಡಿದು ನಿಂತಿದ್ದ ಸಾತವ್ವ ಗಂಡನನ್ನು ಕಂಡು ಅಲ್ಲೇ ಕುಸಿದು ಕೂತಳು.

"ಅದು ಅವರಿಗಾಯಿತು. ನಿನಗೆ?" ಎಂದಳು ಪದುಮಲೆ.

"ಗುರುತಿನ ಅಚ್ಚು ನನ್ನ ಕೈಯಲ್ಲಿರಲಿ. ನಾನು ಬೇಡ ಅಂದ ಬಟ್ಟೆಗೆ ಅರಸರೂ ಒತ್ತಿಸಬಾರದು."

ಮಲ್ಲರಸ ಒಪ್ಪಿ, ಅವನಿಗೆ ನೇಕಾರರ ಬೀದಿಯಲ್ಲಿ ಮನೆಯನ್ನೂ ಕೊಟ್ಟ. ಮಾಚ ಎರಡು ಬಾಗುಗೆರೆಗಳಲ್ಲಿ ಮಗ್ಗದ ಲಾಳಿಯೊಂದನ್ನು ಬರೆದ. ಒಳಗಿನ ನೂಲನ್ನು ಬರೆಯದೆ ಬಿಳಿಯಾಗಿಯೇ ಬಿಟ್ಟ. ನಿಂಗೋಜ ಅದರ ಬಾಗು ತಿದ್ದಿ, ಮರದ ಅಚ್ಚು ಕೆತ್ತಿದ.

ತಿಂಗಳೊಳಗೆ ಅರಸನೇ ಒಂದು ಸೀರೆ ಹಿಡಿದು ಬಂದ. ಮಾಚ ಬೆರಳಾಡಿಸಿ ನೋಡಿ, "ಇದಕ್ಕೆ ಒತ್ತೋಕಾಗಲ್ಲ ಬುದ್ಧಿ. ಹೊಕ್ಕಿನ ಅಡ್ಡನೂಲು ಸಡಿಲ," ಎಂದ.

ಅರಸನ ಮುಖ ಕೆಂಪಾಯಿತು. ಹಿಂದೆ ನಿಂತಿದ್ದ ಪದುಮಲೆ ಸೀರೆಯನ್ನು ಮಡಚಿಕೊಂಡಳು. "ಅವನು ಹೇಳಿದ್ದು ನಿಜ, ಅಪ್ಪ. ನೇಯ್ದ ನನಗೇ ಗೊತ್ತಿತ್ತು."

ಅಂದಿನಿಂದ ಅವಳು ದಿನವೂ ನೇಕಾರರ ಬೀದಿಗೆ ಬಂದು ಮಗ್ಗದ ಮುಂದೆ ಕೂತಳು. ಹಡಗಿನವರು ಲಾಳಿಯ ಗುರುತು ಹುಡುಕಿಕೊಂಡು ಬರತೊಡಗಿದ ವರ್ಷ, ಅವಳು ಇನ್ನೊಂದು ಸೀರೆ ತಂದು ಮಾಚನ ಮುಂದಿಟ್ಟಳು. ಮಾಚ ಅದನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಅಚ್ಚು ಎತ್ತಿ, ಸೆರಗಿನ ಮೂಲೆಯಲ್ಲಿ ಒತ್ತಿದ.

ಅದೇ ಸೀರೆ ಉಟ್ಟು ಪದುಮಲೆ ಅವನ ಕೈಹಿಡಿದಳು.