ಬೂದಿ ಸಿಗದ ಜಾಗ

ಬೆಂಕಿ ಆರಿ ಒಂಬತ್ತು ದಿನವಾಗಿತ್ತು. ಆದರೂ ಹಳ್ಳದ ಮಠದ ಬಾವಿ ನೀರಿನಲ್ಲಿ ಹೊಗೆಯ ವಾಸನೆ ಹೋಗಿರಲಿಲ್ಲ.

ಶಿವರಾತ್ರಿಯ ಮರುವಾರ ಹತ್ತಿದ ಕಾಡ್ಗಿಚ್ಚು ಮೂರು ದಿನ ಉರಿದು, ನಾಲ್ಕು ಗುಡ್ಡ ಸುಟ್ಟು, ಹಳ್ಳದ ದಂಡೆಗೆ ಬಂದು ನಿಂತಿತ್ತು. ನಂದಿಸಲು ಹೋದ ಇಬ್ಬರು ಅರಣ್ಯ ಕಾವಲುಗಾರರು ಇನ್ನೂ ಆಸ್ಪತ್ರೆಯಲ್ಲಿದ್ದರು. ಮಠದ ಹಿಂದಿನ ಬಿಲ್ವದ ತೋಪಿನಲ್ಲಿ ಮುನ್ನೂರು ಮರಗಳಿದ್ದವು. ಈಗ ಹದಿನೇಳು ಉಳಿದಿದ್ದವು.

ತೋಪನ್ನು ನೋಡಿಕೊಳ್ಳುತ್ತಿದ್ದವನು ನಿಜಗುಣ. ಪಟ್ಟಣದ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿ, ಅದು ಸಾಕೆನಿಸಿ, ಹೋದ ದೀಪಾವಳಿಗೆ ಮಠ ಸೇರಿದ ಶಿಷ್ಯ. ಮರಗಳು ಹೋದ ದುಃಖಕ್ಕೆ ಅವನು ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ದುಃಖ ಸಿಟ್ಟಾಯಿತು. ಸಿಟ್ಟಿಗೆ ಒಂದು ಹೆಸರೂ ಸಿಕ್ಕಿತು.

ಹೆಸರು ಜಡೇಗೌಡನದು. ಕಾಡಿನೊಳಗೆ ಬೆಟ್ಟದ ಜನರ ಇಪ್ಪತ್ತಮೂರು ಮನೆಗಳ ಪೋಡು ಇತ್ತು. ಆ ಪೋಡಿನ ಹಿರಿಯ ಅವನು.

ಪುಷ್ಯ ಮಾಸದ ಒಂದು ಬೆಳಿಗ್ಗೆ ನಿಜಗುಣ ಅವನನ್ನು ಕಣ್ಣಾರೆ ಕಂಡಿದ್ದ. ಮುದುಕ ತೋಪಿನ ಮೇಲುಗಡೆ ಕುಕ್ಕರುಗಾಲಲ್ಲಿ ಕೂತು ಉದುರಿದ ಎಲೆಗಳಿಗೆ, ಅಂದರೆ ತರಗಿಗೆ, ಬೆಂಕಿ ಹಚ್ಚುತ್ತಿದ್ದ. ನಿಜಗುಣ ಓಡಿ ಹೋಗಿ ಹಸಿಕೊಂಬೆ ಮುರಿದು ಬಡಿದು ಬಡಿದು ಬೆಂಕಿ ನಂದಿಸಿದ್ದ. ಬಾಯಿಗೆ ಬಂದಂತೆ ಬೈದೂ ಇದ್ದ.

"ಬುಡಿ ಸ್ವಾಮಿ," ಅಂದಿದ್ದ ಜಡೇಗೌಡ. "ಈಗ ಇಬ್ಬನಿ ಅದೆ, ಗಾಳಿ ಎದ್ದಿಲ್ಲ. ಅದು ತೆವಳ್ಕೊಂಡು ಹೋಗಿ ಹಳ್ಳದತ್ರ ತಾನೇ ಮಲಗ್ತದೆ."

ನಿಜಗುಣ ಕೇಳಿರಲಿಲ್ಲ. ಮುದುಕ ತಲೆ ಕೆರೆದುಕೊಂಡು ಎದ್ದು ಹೋಗಿದ್ದ. ಅವತ್ತು ಶಿಷ್ಯ ಮೈಯೆಲ್ಲ ಮಸಿ ಮಾಡಿಕೊಂಡು, ಕಾಡನ್ನೇ ಉಳಿಸಿದವನ ಹಾಗೆ ಮಠಕ್ಕೆ ಬಂದು ಗುರುಗಳಿಗೆ ಎಲ್ಲ ಹೇಳಿದ್ದ. ಗುರು ಚೆನ್ನಮಲ್ಲ ಸ್ವಾಮಿಗಳು ಕೇಳಿದ್ದು ಒಂದೇ ಮಾತು: ಜಡೇಗೌಡ ಮಜ್ಜಿಗೆ ಕುಡಿದು ಹೋದನೇ ಎಂದು.

ಈಗ ಸುತ್ತಲಿನ ಊರುಗಳಲ್ಲಿ ಬೆಂಕಿಯದೇ ಮಾತು. ಕುರುಬರ ಬೀಡಿಯಿಂದ ಹತ್ತಿತು ಎಂದು ಕೆಲವರು. ಜೀಪಿನಲ್ಲಿ ಬಂದವರು ಅಡುಗೆ ಮಾಡಿ ಒಲೆ ಬಿಟ್ಟುಹೋದರು ಎಂದು ಕೆಲವರು. ಕರೆಂಟಿನ ತಂತಿ, ಎರಡು ವರ್ಷ ಕೈಕೊಟ್ಟ ಮಳೆ, ಆಳೆತ್ತರ ಬೆಳೆದ ಲಂಟಾನದ ಪೊದೆ, ಎಲ್ಲಕ್ಕೂ ವಕಾಲತ್ತು ಹಾಕುವವರಿದ್ದರು. ಟೀ ಅಂಗಡಿಯಲ್ಲಿ ಇಬ್ಬರು ಇದೇ ವಿಷಯಕ್ಕೆ ಕೈಕೈ ಮಿಲಾಯಿಸಿ, ಬೆಂಚು ಮುರಿದು, ಕೊನೆಗೆ ಒಂದೇ ಬೈಕಿನಲ್ಲಿ ಮನೆಗೆ ಹೋದರಂತೆ.

ಆದರೆ ಬಹಳ ಜನ ಬೊಟ್ಟು ಮಾಡಿದ್ದು ಪೋಡಿನ ಕಡೆಗೆ. ನಾಲ್ಕು ಗುಡ್ಡ ಸುಟ್ಟರೂ ಪೋಡಿನ ಒಂದು ಗುಡಿಸಲೂ ಸುಟ್ಟಿರಲಿಲ್ಲ. ಹಚ್ಚಿದವರೇ ಅವರು, ಇಲ್ಲದಿದ್ದರೆ ಹೇಗೆ ಉಳಿದರು ಎಂಬುದು ಊರಿನವರ ಲೆಕ್ಕ.

ವಿಚಾರಣೆಗೆ ಒಂದು ಸಮಿತಿಯಾಯಿತು. ಪೋಡನ್ನು ಎತ್ತಿಸಿ, ಆ ಜನರನ್ನು ಬಯಲಿಗೆ ಇಳಿಸಬೇಕು ಎಂದು ಅದರ ಮುಂದೆ ಅರ್ಜಿ ಬಂತು. ಅರ್ಜಿಗೆ ಕಣ್ಣಾರೆ ಕಂಡ ಸಾಕ್ಷಿ ಬೇಕಿತ್ತು. ಅಂಥವನು ಇದ್ದದ್ದು ನಿಜಗುಣ ಒಬ್ಬನೇ.

ಅವನು ಒಂದು ಹಾಳೆಯಲ್ಲಿ ಹೇಳಿಕೆ ಬರೆದ. ಜಡೇಗೌಡ ಕಾಡಿಗೆ ಬೆಂಕಿ ಇಡುವುದನ್ನು ನಾನು ನೋಡಿದ್ದೇನೆ ಎಂದು ತಿಂಗಳು, ಜಾಗ ಎಲ್ಲ ನಮೂದಿಸಿ, ಸಹಿ ಹಾಕಿ, ಗುರುಗಳ ಮುಂದೆ ಇಟ್ಟ.

ಸ್ವಾಮಿಗಳು ಎರಡು ಸಲ ಓದಿದರು.

"ಇದರಲ್ಲಿ ಸುಳ್ಳಿಲ್ಲ," ಅಂದರು.

"ಇಲ್ಲ ಬುದ್ಧಿ. ನಾಳೆ ಸಮಿತಿಯವರು ಬರ್ತಾರೆ. ಕೊಟ್ಟುಬಿಡಲೇ?"

ಸ್ವಾಮಿಗಳು ಹಾಳೆಯನ್ನು ಮಡಿಚಿ ಮಣೆಯ ಕೆಳಗೆ ಇಟ್ಟರು. ಗೂಡಿನಿಂದ ಒಂದು ಹಿತ್ತಾಳೆ ಬಟ್ಟಲು ತೆಗೆದು ಅವನ ಕೈಗಿಟ್ಟರು.

"ಒಂದು ಬಟ್ಟಲು ಬೂದಿ ಬೇಕಾಗಿತ್ತು. ಜಡೇಗೌಡ ಬೆಂಕಿ ಇಟ್ಟ ಜಾಗದ್ದೇ ಆಗಬೇಕು."

ಭಸ್ಮಕ್ಕೆ ಸಗಣಿಯ ಬೂದಿ ಬೇಕು, ತರಗಿನದು ಯಾಕೆ ಎಂದು ಕೇಳಬೇಕೆನಿಸಿತು ನಿಜಗುಣನಿಗೆ. ಆದರೆ ಬೂದಿಗೇನು ಬರವೇ ಎಂದುಕೊಂಡು ಬಟ್ಟಲು ಹಿಡಿದು ಹೊರಟ.

ತೋಪು ದಾಟಿ ಮೇಲೆ ಹತ್ತಿದ. ಹೆಜ್ಜೆಯಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ತಾನೇ ಪಾತಿ ಮಾಡಿ ನೀರು ಹೊತ್ತು ಹಾಕಿದ ಗಿಡಗಳ ಬುಡ ಕಂಡಾಗ ಅವನಿಗೆ ಅಳು ಬಂತು. ಒರೆಸಿಕೊಂಡು ಮುಂದೆ ನಡೆದ.

ಪುಷ್ಯದಲ್ಲಿ ಜಡೇಗೌಡ ಕೂತಿದ್ದ ಬಂಡೆ ಸಿಕ್ಕಿತು. ಅವತ್ತು ನಿಜಗುಣ ಬಂದು ನಂದಿಸುವ ಮೊದಲೇ ಬಂಡೆಯ ಆಚೆ ಅಷ್ಟಗಲ ಜಾಗ ಅವನು ಸುಟ್ಟಿದ್ದ. ನಿಜಗುಣ ಅಲ್ಲಿ ಬಗ್ಗಿ ಬಟ್ಟಲು ಊರಿದ. ತುಂಬಿದ್ದು ಹುಲ್ಲು.

ಎಳೆಯ ಹುಲ್ಲು, ಗೇಣುದ್ದ. ಅದರ ನಡುವೆ ಜಿಂಕೆಯ ಹಿಕ್ಕೆ. ನೆಲ್ಲಿಮರಗಳ ಬುಡದಲ್ಲಿ ಒಂದಿಷ್ಟು ಕಪ್ಪು ಬಿಟ್ಟರೆ ಮೇಲೆಲ್ಲ ಚಿಗುರು. ಶಿವರಾತ್ರಿಯ ಮರುವಾರದ ಆ ದೊಡ್ಡ ಬೆಂಕಿ ಇಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ, ಪಕ್ಕಕ್ಕೆ ತಿರುಗಿ ಹೋಗಿತ್ತು. ಪೋಡಿನ ಸುತ್ತಲೂ ಇದೇ ಹಸಿರು ಪಟ್ಟೆ ಹಬ್ಬಿರುವುದು ಅಲ್ಲಿಂದ ಕಾಣುತ್ತಿತ್ತು.

ಅವನು ಹಿಂದಕ್ಕೆ ತಿರುಗಿ ನೋಡಿದ. ಬಂಡೆಯ ಈಚೆ, ತಾನು ಕೊಂಬೆ ಹಿಡಿದು ನಿಂತಿದ್ದ ಗೆರೆಯಿಂದ ಕೆಳಗೆ, ತೋಪಿನವರೆಗೂ ಬೂದಿ. ಅವತ್ತು ಸುಡದೆ ಉಳಿದ ಮೊಣಕಾಲುದ್ದದ ತರಗು ಎರಡು ತಿಂಗಳು ಒಣಗಿ, ಬೆಂಕಿ ಬಂದಾಗ ಅದಕ್ಕೆ ದಾರಿಯಾಗಿತ್ತು. ಗೆರೆ ಎಷ್ಟು ನೇರವಾಗಿತ್ತೆಂದರೆ ಅವನು ಅದನ್ನು ಕಾಲಲ್ಲಿ ತುಳಿದು ನೋಡಿದ.

ಮಠಕ್ಕೆ ಬಂದಾಗ ಬಟ್ಟಲು ತುಂಬಿತ್ತು.

"ಎಲ್ಲಿಯದು?" ಸ್ವಾಮಿಗಳು ಕೇಳಿದರು.

"ನಾನು ನಂದಿಸಿದ ಕಡೆಯದು."

"ಅವನು ಹಚ್ಚಿದ ಕಡೆ?"

"ಅಲ್ಲಿ ಬೂದಿ ಸಿಗಲಿಲ್ಲ ಬುದ್ಧಿ."

ನಿಜಗುಣ ಮಣೆಯ ಕೆಳಗಿನ ಹಾಳೆ ಎಳೆದು ಹರಿಯಲು ಹೋದ. ಸ್ವಾಮಿಗಳು ಅವನ ಕೈ ಹಿಡಿದರು.

"ಹರೀಬೇಡ. ಅದರಲ್ಲಿ ಸುಳ್ಳಿಲ್ಲ ಅಂತ ನಾನೇ ಹೇಳಿದ್ದೀನಿ. ಕೆಳಗೆ ಇನ್ನೂ ಜಾಗ ಇದೆ, ಬರಿ. ಅಷ್ಟಕ್ಕೇ ಯಾಕೆ ನಿಲ್ಲಿಸಿದೆ?"

ನಿಜಗುಣ ತಲೆ ತಗ್ಗಿಸಿ ಕೂತ.

"ಅವತ್ತು ನಾನು ಬಂದು ಹೇಳಿದಾಗಲೇ ತಾವು ಯಾಕೆ ತಿದ್ದಲಿಲ್ಲ ಬುದ್ಧಿ?"

ಸ್ವಾಮಿಗಳು ಬೂದಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಕುಣಿದಾಡಿಕೊಂಡು ಬಂದಿದ್ದೆ. ನಿನ್ನ ಖುಷಿ ಕೆಡಿಸೋಕೆ ಮನಸ್ಸು ಬರಲಿಲ್ಲ. ಮುಂದಿನ ವರ್ಷ ಹೇಳಿದರಾಯಿತು ಅಂದುಕೊಂಡೆ. ಅದು ನನ್ನ ತಪ್ಪು. ಅದನ್ನೂ ಬರಿ."

ಮರುದಿನ ಹತ್ತು ಗಂಟೆಗೆ ಸಮಿತಿಯವರು ಮಠದ ಅಂಗಳಕ್ಕೆ ಬಂದರು. ಜೊತೆಗೆ ಅರಣ್ಯ ಇಲಾಖೆಯ ರೇಂಜರ್, ಊರಿನವರು, ಪತ್ರಿಕೆಯವನೊಬ್ಬ. ಜಡೇಗೌಡನನ್ನೂ ಕರೆಸಿದ್ದರು. ಚಾಪೆ ಹಾಸಿದ್ದರೂ ಅವನು ಕಟ್ಟೆಯ ಕೊನೆಯಲ್ಲಿ, ಎಬ್ಬಿಸಿದರೆ ಏಳಲು ಸುಲಭವಾಗುವ ಕಡೆ ಕೂತಿದ್ದ. ಪೋಡಿನ ಹೆಂಗಸರು ಬೇಲಿಯ ಹೊರಗೆ ನಿಂತಿದ್ದರು.

ಮೊದಲ ಒಂದು ಗಂಟೆ ಟೀ ಅಂಗಡಿಯ ಮಾತೇ ಇಲ್ಲೂ ನಡೆಯಿತು, ಮುರಿಯಲು ಬೆಂಚು ಇರಲಿಲ್ಲ ಅಷ್ಟೆ. ಬೀಡಿ ಎಂದವರನ್ನು ಜೀಪು ಎಂದವರು, ಅವರನ್ನು ಮಳೆ ಎಂದವರು ತಳ್ಳಿಹಾಕಿದರು. ಕಾಡಿಗೆ ಯಾರೂ ಕಾಲಿಡದಂತೆ ಮಾಡಬೇಕೆಂದು ಒಬ್ಬರು, ಲಂಟಾನವನ್ನೆಲ್ಲ ಯಂತ್ರದಲ್ಲಿ ಕೀಳಿಸಬೇಕೆಂದು ಇನ್ನೊಬ್ಬರು. ಸ್ವಾಮಿಗಳು ಎಲ್ಲರಿಗೂ ಮಜ್ಜಿಗೆ ಕೊಡಿಸಿದರು.

ಕೊನೆಗೆ ಸಮಿತಿಯ ಅಧ್ಯಕ್ಷರು ಕೈಯೆತ್ತಿ, ಕಂಡವರು ಹೇಳಲಿ ಅಂದರು. ನಿಜಗುಣ ಎದ್ದು ನಿಂತ. ಮಡಿಚಿದ ಹಾಳೆ ಬಿಚ್ಚಿದ.

"ಜಡೇಗೌಡ ತರಗಿಗೆ ಬೆಂಕಿ ಇಟ್ಟಿದ್ದನ್ನು ನಾನು ನೋಡಿದೆ," ಎಂದು ಓದಿದ. ಬೇಲಿಯ ಹೊರಗೆ ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದಳು. "ಅದು ಪುಷ್ಯದಲ್ಲಿ. ಆ ಬೆಂಕಿಯನ್ನು ನಾನು ಬಡಿದು ನಂದಿಸಿದೆ. ಅವನು ಸುಟ್ಟ ಜಾಗದಲ್ಲಿ ಇವತ್ತು ಹುಲ್ಲು ಬಂದಿದೆ. ನಾನು ಸುಡಲು ಬಿಡದ ಜಾಗ ಬೂದಿಯಾಗಿದೆ. ಶಿವರಾತ್ರಿಯ ಮರುವಾರ ಕಿಡಿ ಯಾರದು, ನನಗೆ ಗೊತ್ತಿಲ್ಲ. ಅದಕ್ಕೆ ಉರುವಲು ಕೂಡಿಟ್ಟವನು ನಾನು. ಗೊತ್ತಿದ್ದೂ ನನ್ನನ್ನು ತಿದ್ದದೆ ಇದ್ದದ್ದು ತಮ್ಮ ತಪ್ಪು ಎಂದು ಗುರುಗಳು ಬರೆಯಲು ಹೇಳಿದ್ದಾರೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಹೆಸರು ಕೇಳಿದರೆ ಹುಲ್ಲಿನ ಕತೆ ಹೇಳುತ್ತೀರಲ್ಲ ಎಂದು ಹಿಂದಿನಿಂದ ಒಬ್ಬ ಗೊಣಗಿದ. ಯಾವ ತಿಂಗಳಾದರೂ ಬೆಂಕಿ ಬೆಂಕಿಯೇ, ಅಷ್ಟಕ್ಕೂ ಆ ಮುದುಕನಿಗೆ ಬೆಂಕಿ ಎಲ್ಲಿಂದ ಬಂತು, ಕೊಟ್ಟವನನ್ನೂ ಹಿಡಿಯಬೇಕು ಅಂದ.

"ಈ ಒಲೆಯಿಂದ ಬಂತು," ಅಂದರು ಸ್ವಾಮಿಗಳು. "ಇಪ್ಪತ್ತೊಂಬತ್ತು ವರ್ಷದಿಂದ ಪುಷ್ಯದಲ್ಲಿ ಜಡೇಗೌಡ ಬಂದು ಕೆಂಡ ಕೇಳ್ತಾನೆ. ಕೊಡೋನು ನಾನು. ಪಟ್ಟಿ ಮಾಡೋದಾದರೆ ನನ್ನ ಹೆಸರು ಮೊದಲು ಬರಲಿ."

ಗೊಣಗಿದವನು ವರ್ಷಕ್ಕೆ ನಾಲ್ಕು ಸಲ ಅವರ ಕಾಲಿಗೆ ಬೀಳುವವನು. ಅವನು ಲೋಟ ಎತ್ತಿ, ಅದರಲ್ಲಿ ಇಲ್ಲದ ಮಜ್ಜಿಗೆ ಕುಡಿದ.

ಸಮಿತಿ ಎದ್ದು ಗುಡ್ಡ ಹತ್ತಿ, ಗೆರೆ ನೋಡಿ, ಮಧ್ಯಾಹ್ನ ಇಳಿದು ಬಂತು. ಪೋಡು ಎತ್ತಿಸುವ ಅರ್ಜಿಯನ್ನು ಅಧ್ಯಕ್ಷರು ಅಲ್ಲೇ ತಿರಸ್ಕರಿಸಿ ಸಹಿ ಹಾಕಿದರು. ಬೆಂಕಿಯ ಕಾರಣ ತಿಳಿದಿಲ್ಲ ಎಂದು ಬರೆದರು. ಊರಿನವರೆಲ್ಲ ಒಪ್ಪಿದರೆಂದೇನಲ್ಲ. ವಾದ ಮಾಡುತ್ತಲೇ ದಾರಿ ಹಿಡಿದರು.

ರೇಂಜರ್ ಮಾತ್ರ ಹಿಂದೆ ಉಳಿದ. ಕಂಡ ಕಂಡಲ್ಲಿ ಬೆಂಕಿ ಇಡಲು ಕಾನೂನು ಬಿಡುವುದಿಲ್ಲ, ಅದಕ್ಕೆ ತಾನು ಒಪ್ಪುವುದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಆದರೆ ಪ್ರತಿ ವರ್ಷ ಬೇಸಿಗೆಗೆ ಮೊದಲು ಕಾಡಿನ ಅಂಚಿನಲ್ಲಿ ಇಲಾಖೆಯವರೇ ಒಂದು ಪಟ್ಟೆ ಸುಟ್ಟು, ಬೆಂಕಿ ದಾಟದಂತೆ ರೇಖೆ ಮಾಡುತ್ತಾರೆ. ಬರುವ ಪುಷ್ಯದಲ್ಲಿ ಆ ರೇಖೆ ತೋಪಿನ ಮೇಲಿನಿಂದ, ಪೋಡಿನ ಸುತ್ತಲಿಂದ ಹೋಗಲಿ, ಜಡೇಗೌಡನೇ ಮೇಸ್ತ್ರಿಯಾಗಲಿ ಅಂದ. ಎಷ್ಟು ಸುಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತನ್ನ ಹುಡುಗರಿಗೂ ಕಲಿಸಬೇಕೆಂದು ಕೇಳಿಕೊಂಡ.

ಎಲ್ಲರೂ ಹೋದ ಮೇಲೆ ನಿಜಗುಣ ಕಟ್ಟೆಯ ಬಳಿ ಹೋಗಿ ಜಡೇಗೌಡನ ಕಾಲು ಮುಟ್ಟಲು ಬಗ್ಗಿದ. ಮುದುಕ ಕಾಲು ಎಳೆದುಕೊಂಡ.

"ಬ್ಯಾಡಿ ಸ್ವಾಮಿ. ನಿಮ್ಮ ಮರ ಹೋದವು ಅಂತ ನಂಗೂ ಹೊಟ್ಟೆ ಉರೀತದೆ. ಆದ್ರೆ ಬರೋ ಪುಷ್ಯಕ್ಕೆ ಕೆಂಡ ನಾನು ಹೊರಾಕಿಲ್ಲ. ನೀವೇ ಹೊತ್ಕೊಂಡು ಬರ್ಬೇಕು."

ಬೆಟ್ಟದ ಜನ ಮರೆಯುವವರಲ್ಲ. ಮಳೆ ಬಂತು, ಹೋಯಿತು. ಪುಷ್ಯದ ಒಂದು ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇರುವಾಗ ಪೋಡಿನಿಂದ ಕರೆ ಬಂತು. ರೇಂಜರ್‌ನ ಹುಡುಗರು ಆಗಲೇ ಬಂಡೆಯ ಬಳಿ ನಿಂತಿದ್ದರು.

ಸ್ವಾಮಿಗಳು ಒಲೆಯ ಮುಂದೆ ಕೂತು, ಮಡಕೆಯ ಚೂರಿನಲ್ಲಿ ಬೂದಿ ಹಾಸಿ, ಅದರ ಮೇಲೆ ನಾಲ್ಕು ಕೆಂಡ ಇಟ್ಟರು. ನಿಜಗುಣ ಎರಡೂ ಕೈಯಲ್ಲಿ ಅದನ್ನು ಹಿಡಿದ. ಹೊಸ್ತಿಲವರೆಗೆ ಹೋಗಿ ನಿಂತ.

ಹಿತ್ತಲ ಬಾಗಿಲಿನಿಂದ ತೋಪು ಕಾಣುತ್ತಿತ್ತು. ಹದಿನೇಳು ಹಳೆಯ ಮರಗಳು. ಅವುಗಳ ನಡುವೆ ಅವನು ಮಳೆಗಾಲದಲ್ಲಿ ನೆಟ್ಟ ಸಸಿಗಳು, ಇನ್ನೂ ಮೊಣಕಾಲೆತ್ತರ.

"ಬುದ್ಧಿ, ನನಗೆ ಭಯ ಆಗ್ತಿದೆ," ಅಂದ. "ಇದೂ ಕೈಮೀರಿದರೆ? ಊರಿನವರು ಇನ್ನೂ ಪೂರ್ತಿ ಒಪ್ಪಿಲ್ಲ. ಇನ್ನೊಂದು ಸಲ ಎಲ್ಲರನ್ನೂ ಕೂರಿಸಿ, ಮಾತಾಡಿ, ಒಂದು ತೀರ್ಮಾನಕ್ಕೆ ಬಂದು..."

ಸ್ವಾಮಿಗಳು ಎದ್ದು ಬಂದು, ಅವನ ಅಂಗೈ ಸುಡದಂತೆ ಮಡಕೆ ಚೂರಿನ ಕೆಳಗೆ ಒಂದು ಹಸಿ ಮುತ್ತುಗದ ಎಲೆ ಇಟ್ಟರು.

"ಹೊರಡು ಕಂದಾ. ಗಾಳಿ ಎದ್ದ ಮೇಲೆ ಯಾರ ಮಾತೂ ನಡೆಯೋದಿಲ್ಲ."